ಹರಿದುಹೋದ ಕೆರೆ

ವಿನಿಫ್ರೆಡ್ ಟೆಟ್ಲಿಚಿ ಇಪ್ಪತ್ತಾರು ಬೇಸಿಗೆ ಅಳೆದ ಕೆರೆಯದು. ಉತ್ತರ ಧ್ರುವದ ಕಡೆಯ ಹಿಮಸೀಮೆ ಯೂಕಾನ್‌ನ ಉತ್ತರದ ಬಯಲಿನಲ್ಲಿ, ಅವಳು ಹುಟ್ಟಿದ ಗ್ವಿಚಿನ್ ಬುಡಕಟ್ಟಿನ ಹಳ್ಳಿಯಿಂದ ದೋಣಿಯಲ್ಲಿ ಒಂದು ದಿನದ ದಾರಿ. ಅದರ ಆಳ, ಮೀನು, ಬಾತು ಎಲ್ಲವೂ ಅವಳಿಗೆ ಬಾಯಿಪಾಠ. ಆ ಜೂನ್‌ನಲ್ಲಿ ತಾನು ಪಾಠ ಹೇಳುವ ಕಾಲೇಜಿನ ಐವರು ವಿದ್ಯಾರ್ಥಿಗಳನ್ನು ಕರೆದುಕೊಂಡು ಹೊರಟಳು. ದೋಣಿ ನಡೆಸಿದವನು ಚಿಕ್ಕಪ್ಪನ ಮಗ ಇಲಾಯಸ್.

ಹೊಳೆದಂಡೆಯಲ್ಲಿ ದೋಣಿ ಕಟ್ಟಿ, ಸೊಳ್ಳೆ ಓಡಿಸಿಕೊಳ್ಳುತ್ತ ಪೊದೆಗಳನ್ನು ದಾಟಿದರು. "ಈ ದಿಬ್ಬ ಹತ್ತಿದ್ರೆ ಕಾಣುತ್ತೆ, ಮೂರು ಕಿಲೋಮೀಟರ್ ಅಗಲ!" ಎನ್ನುತ್ತ ಮುಂದೆ ಹೋದ ವಿನಿಫ್ರೆಡ್ ದಿಬ್ಬದ ಮೇಲೆ ನಿಂತೇಬಿಟ್ಟಳು.

ಕೆರೆ ಇರಲಿಲ್ಲ.

ಕಣ್ಣು ಹಾಯುವಷ್ಟು ದೂರ ಕರಿಯ ಕೆಸರು. ಗುಂಡಿಗಳಲ್ಲಿ ಉಳಿದ ಮೀನುಗಳು ಬಾಲ ಬಡಿಯುತ್ತಿದ್ದವು. ಆಚೆ ದಡ ಸೀಳಿ, ಲಾರಿ ಹೋಗುವಷ್ಟು ಅಗಲದ ಕೊರಕಲು ಬಿದ್ದಿತ್ತು. ದುರ್ಬೀನು ಹಿಡಿದು ನೋಡಿದರೆ, ವರ್ಷವಿಡೀ ಹೆಪ್ಪುಗಟ್ಟಿ ದಡವನ್ನು ಹಿಡಿದಿಟ್ಟಿದ್ದ ನೆಲದೊಳಗಿನ ಮಂಜುಗಡ್ಡೆ ಅದರ ಗೋಡೆಯಲ್ಲಿ ಕರಗಿ ತೊಟ್ಟಿಕ್ಕುತ್ತಿತ್ತು.

"ಮೇಡಂ, ದಾರಿ ತಪ್ಪಿದ್ವಾ?" ವಿದ್ಯಾರ್ಥಿನಿ ರೋಸ್ಲಿನ್ ಕೇಳಿದಳು.

ವಿನಿಫ್ರೆಡ್ ಜಿಪಿಎಸ್ ನೋಡಿದಳು. ಆರಿಸಿ, ಹಚ್ಚಿ, ಮತ್ತೆ ನೋಡಿದಳು. ಜಾಗ ಅದೇ.

ಇಲಾಯಸ್‌ನ ಕಣ್ಣು ಬೇರೆಡೆ ನೆಟ್ಟಿತ್ತು. ಹೋದ ವರ್ಷ ದಡದಲ್ಲಿ ಅವನು ಕಟ್ಟಿದ ಮರದ ಮನೆ ಅರ್ಧ ಕುಸಿದು ಕೆಸರಿಗೆ ವಾಲಿತ್ತು. ಈ ನೆಲ ಇನ್ನೂ ಐವತ್ತು ವರ್ಷ ಅಲ್ಲಾಡುವುದಿಲ್ಲವೆಂದು ಹಳ್ಳಿಯ ಸಭೆಯಲ್ಲಿ ನಕ್ಷೆ ಹರಡಿ ಹೇಳಿದ್ದವಳು ವಿನಿಫ್ರೆಡ್ಡೇ.

"ಐವತ್ತು ವರ್ಷ ಅಂದಿದ್ಯಲ್ಲಕ್ಕಾ."

"ಅಂದಿದ್ದೆ."

"ಹೋದ ಭಾನುವಾರ ಮೊಮ್ಮಕ್ಕಳನ್ನ ಕರ್ಕೊಂಡು ಬಂದು ಇಲ್ಲೇ ಮಲಗೋರಿದ್ವಿ. ದೋಣಿ ಇಂಜಿನ್ ಕೆಟ್ಟೋಯ್ತು ಅಂತ ಬರ್ಲಿಲ್ಲ."

ವಿನಿಫ್ರೆಡ್ ಹಾವಸೆಯ ಮೇಲೆ ಕೂತಳು. ವಿದ್ಯಾರ್ಥಿಗಳತ್ತ ತಿರುಗಿ, "ಬರ್ಕೊಳ್ಳಿ," ಎಂದಳು. "ಕೆರೆಯ ಈಚೆ ದಡದಲ್ಲಿ ಆರೇ ಕಡೆ ನೆಲ ಕೊರೆದು ನೋಡಿದ್ದೆ. ಆಚೆ ದಡ ನೋಡ್ಲೇ ಇಲ್ಲ. ಅದೂ ಹಿಂಗೇ ಇರುತ್ತೆ ಅಂದ್ಕೊಂಡೆ. ತಪ್ಪು ನಂದು."

ರೋಸ್ಲಿನ್ ಪುಸ್ತಕ ತೆರೆಯಲಿಲ್ಲ.

"ಬರಿಯಮ್ಮಾ. ಇವತ್ತಿನ ಪಾಠ ಇದೇ."

ಜುಲೈನಲ್ಲಿ ವಿನಿಫ್ರೆಡ್ ಹಳ್ಳಿಯ ಅದೇ ಸಭೆಯಲ್ಲಿ ನಿಂತು, ನೆಲ ಅಲ್ಲಾಡದೆಂದಿದ್ದ ತನ್ನ ವರದಿ ಹಿಂತೆಗೆದುಕೊಂಡಳು. "ಹಂಗಾದ್ರೆ ಮಿಕ್ಕ ಕೆರೆಗಳ ಗತಿ ಏನು ಮಗಾ?" ಎಂದು ಹಿರಿಯಳೊಬ್ಬಳು ಕೇಳಿದಳು. "ಗೊತ್ತಿಲ್ಲಜ್ಜಿ," ಎಂದಳು ವಿನಿಫ್ರೆಡ್. ಬೇಸಿಗೆ ಮುಗಿಯುವುದರೊಳಗೆ ಅವಳೂ ವಿದ್ಯಾರ್ಥಿಗಳೂ ಕೆರೆದಡಗಳಲ್ಲಿ ಹಳ್ಳಿಯವರು ಹಾಕಿದ್ದ ಒಂದೊಂದು ಬಿಡಾರದ ಬಳಿಯೂ ನೆಲ ಕೊರೆದರು. ಎರಡು ಕುಟುಂಬಗಳು ಜಾಗ ಬದಲಿಸಿದವು.

ಇಲಾಯಸ್ ಕುಸಿದ ಮನೆಯಲ್ಲಿ ಉಳಿದ ಮರಗಳನ್ನು ಹೊಳೆದಂಡೆಗೆ ಸಾಗಿಸಿದ. ಅಲ್ಲಿ ಕೊರೆದಾಗ ಬಂದದ್ದು ಬರೀ ಜಲ್ಲಿ, ಕರಗುವ ಮಂಜುಗಡ್ಡೆ ಇರಲಿಲ್ಲ.

"ಕಟ್ಲಾ?"

"ಕಟ್ಟು. ಆದ್ರೆ ವರ್ಷಾ ವರ್ಷಾ ಬಂದು ನೋಡ್ತೀನಿ."

"ಬರ್ದೆ ಎಲ್ಲಿಗೋಗ್ತೀಯಾ," ಎಂದು ಅವನು ಕೊಡಲಿ ಎತ್ತಿಕೊಂಡ.