ತೆಪ್ಪದ ಮೇಲಿನ ಬೆನ್ನು

ಟಾರ್ಚಿನ ಬೆಳಕು ಕಾಲಬುಡದಲ್ಲಿ ಹರಿದು ಹೋಯಿತು, ಯಾರೋ ತಡವಾಗಿ ಬಂದವರು, ಸ್ವಲ್ಪ ಕಾಲು ತಗೀರಿ ಅನ್ನುತ್ತ ಮೊಣಕಾಲು ತಿಕ್ಕಿಕೊಂಡೇ ದಾಟಿದರು, ಪಕ್ಕದ ಸೀಟಿನಲ್ಲಿ ಅಮ್ಮ ಕದಲಲಿಲ್ಲ, ಕಣ್ಣು ಮುಚ್ಚಿಕೊಂಡಿದ್ದಾಳೆ, ನಿದ್ದೆಯಲ್ಲ, ನಿದ್ದೆ ಬಂದರೆ ಅವಳ ಬಾಯಿ ತುಸು ತೆರೆದುಕೊಳ್ಳುತ್ತದೆ, ಈಗ ತುಟಿ ಬಿಗಿದಿವೆ — ಬರಲೇಬೇಕು ಅಂತ ಹಟ ಹಿಡಿದವಳು ಇವಳೇ, ಬೇಡಮ್ಮ, ಇಷ್ಟು ಬೇಗ ಬೇಡ ಅಂದೆ, ನೀನು ಬರದಿದ್ರೆ ಒಬ್ಬಳೇ ಹೋಗ್ತೀನಿ ಕಣೇ ಅಂದಳು, ಹಳೆಯ ಸಿನಿಮಾವನ್ನು ತೊಳೆದು ಹೊಳಪು ಕೊಟ್ಟು ಮತ್ತೆ ಬಿಟ್ಟಿದ್ದಾರೆ, ಹೊರಗೆ ಗೋಡೆಯ ತುಂಬ ತಮ್ಮನ ಮುಖ, ಕೆಂಪು ಟೋಪಿ, ಮುಂದಿನ ಹಲ್ಲಿನ ಸಂದು, ಅಷ್ಟು ಪುಟ್ಟ ಮುಖ, ಆ ಮುಖದವನು ಹೋಗಿ ಇನ್ನೂ ತಿಂಗಳಾಗಿಲ್ಲ, ತನ್ನ ಗಡಿಯಾರದ ಅಂಗಡಿಯಲ್ಲಿ ಕೂತ ಕುರ್ಚಿಯಲ್ಲೇ ಎದೆಬಡಿತ ನಿಂತುಹೋಯಿತು, ಸುತ್ತ ಗಡಿಯಾರಗಳೆಲ್ಲ ನಡೆಯುತ್ತಲೇ ಇದ್ದವು, ನಾನು ಹೋದಾಗಲೂ ನಡೆಯುತ್ತಿದ್ದವು, ಹಾಳಾದವು. ತೆರೆ ಬೆಳಗಿದಾಗಿನಿಂದ ಅಮ್ಮ ಕಣ್ಣು ಬಿಟ್ಟಿಲ್ಲ. ಕೂರುವಾಗ ಒಂದೇ ಮಾತು ಹೇಳಿದ್ದಳು, ತೆಪ್ಪ ಬಂದಾಗ ಹೇಳು.

ತೆಪ್ಪಕ್ಕೆ ಇನ್ನೂ ಹೊತ್ತಿದೆ, ಈಗ ತೆರೆಯ ಮೇಲೆ ಹುಡುಗ ನಾಯಿಯ ಕಿವಿಯಲ್ಲಿ ಗುಟ್ಟು ಹೇಳುತ್ತಿದ್ದಾನೆ, ಅಪ್ಪ ನದಿಯ ಆಚೆ ಎಲ್ಲೋ ಇದ್ದಾನೆ, ನಾವಿಬ್ಬರೇ ಹೋಗಿ ಕರೆದುಕೊಂಡು ಬರೋಣ, ಹಾಲ್‌ನಲ್ಲಿರುವ ಮಕ್ಕಳೆಲ್ಲ ಉಸಿರು ಹಿಡಿದಿವೆ, ಅವರ ಅಪ್ಪ ಅಮ್ಮಂದಿರೂ ಹಿಡಿದಿದ್ದಾರೆ, ಅವರೂ ಚಿಕ್ಕವರಾಗಿದ್ದಾಗ ಇದನ್ನು ನೋಡಿ ಅತ್ತವರೇ, ಆ ನಾಯಿ ಒಂದಲ್ಲ, ಮೂರು, ಒಂದು ಓಡುವುದಕ್ಕೆ, ಒಂದು ಈಜುವುದಕ್ಕೆ, ಒಂದು ಅಪ್ಪಿಕೊಳ್ಳುವುದಕ್ಕೆ, ಕೊನೆಯಲ್ಲಿ ಮೂರೂ ನಾಯಿಗಳ ಹೆಸರು ಬರುತ್ತವೆ, ನನ್ನದು ಬರುವುದಿಲ್ಲ, ಇದನ್ನು ಹೇಳಿ ನಾನೂ ತಮ್ಮನೂ ಎಷ್ಟು ನಕ್ಕಿದ್ದೇವೆ, ಅಕ್ಕ, ನೀನೂ ಒಂದು ಸಲ ಬೊಗಳಿದ್ದಿದ್ರೆ ಹಾಕ್ತಿದ್ರೇನೋ — ಅವನಿಗೆ ನೀರೆಂದರೆ ಭಯ, ತುಂಬಿದ ಬಕೆಟ್ ಕಂಡರೂ ನನ್ನ ಹಿಂದೆ ಅಡಗುತ್ತಿದ್ದ, ತೆಪ್ಪ ಹತ್ತಿಸಿದ ದಿನ ಕಿರುಚಿ ಕಿರುಚಿ ಮೈಯೆಲ್ಲ ನೀಲಿಯಾಯಿತು, ನಿರ್ದೇಶಕರು ತಲೆ ಮೇಲೆ ಕೈಹೊತ್ತು ಕೂತರು, ಅವನ ಅಳತೆಯ ಈಜು ಬಲ್ಲ ಹುಡುಗನಿಗಾಗಿ ಜನ ಓಡಿದರು, ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ, ನಾನು ಅಲ್ಲೇ ನೀರಿನಲ್ಲಿ ಆಡುತ್ತಿದ್ದೆ, ಅಮ್ಮ ನನ್ನನ್ನು ನೋಡಿದಳು, ಆಮೇಲೆ ನನ್ನ ಜಡೆಯನ್ನು ನೋಡಿದಳು. ಕತ್ತರಿ ಹಿಡಿದದ್ದು ಅವಳೇ. ಬೆಳೆಯುತ್ತೆ ಬಿಡು ಅಂದಳು, ಬೆಳೆಯಿತು, ಸುಳ್ಳೇನಲ್ಲ, ಆದರೆ ಮಣ್ಣಿನ ಮೇಲೆ ರಬ್ಬರ್‌ಬ್ಯಾಂಡ್ ಸಮೇತ ಬಿದ್ದಿದ್ದ ಆ ಜಡೆಯನ್ನು ಎತ್ತಿಕೊಳ್ಳಲು ಯಾರಿಗೂ ನೆನಪಾಗಲಿಲ್ಲ.

ತಿರುಗಬೇಡ, ಮರಿ, ಏನೇ ಆದ್ರೂ ಈ ಕಡೆ ತಿರುಗಬೇಡ, ದಡದಿಂದ ನಿರ್ದೇಶಕರ ಕೂಗು, ನೀರು ಮಂಜುಗಡ್ಡೆ, ಹುಟ್ಟು ನನಗಿಂತ ಉದ್ದ, ಹಲ್ಲು ಕಟಕಟ, ಚಳಿಯಾಗ್ತಿದೆಯಾ ಅಂತ ಕೇಳುತ್ತಿದ್ದರು, ಇಲ್ಲ ಸಾರ್ ಅನ್ನುತ್ತಿದ್ದೆ, ತಿರುಗದೆಯೇ ಅನ್ನುತ್ತಿದ್ದೆ, ಇನ್ನೊಂದು ಸಲ, ಮತ್ತೊಂದು ಸಲ, ಮುಗಿಸಿ ದಡ ಹತ್ತಿದರೆ ಅಮ್ಮ ಟವಲಿನಲ್ಲಿ ತಮ್ಮನನ್ನು ಸುತ್ತಿಕೊಂಡು ಕೂತಿದ್ದಳು, ಅವನನ್ನು ಮುಖದ ದೃಶ್ಯಕ್ಕೆಂದು ದಡದಲ್ಲೇ ಹುಟ್ಟು ಹಿಡಿಸಿ ಕೂರಿಸಿ ತಲೆಯ ಮೇಲೆ ಒಂದು ಚೊಂಬು ನೀರು ಸುರಿದಿದ್ದರು ಅಷ್ಟೇ, ಅವನಿಗೆ ನೆಗಡಿ ಆಗಬಾರದು, ಮುಖ ಸೀನಿದರೆ ಕೆಲಸ ಕೆಟ್ಟಿತು, ಬೆನ್ನು ಸೀನಿದರೆ ಯಾರಿಗೆ ಕಾಣುತ್ತದೆ, ನನಗೆ ಶೂಟಿಂಗಿನ ಬಟ್ಟೆ ನೋಡಿಕೊಳ್ಳುತ್ತಿದ್ದ ದರ್ಜಿ ತನ್ನ ಅಂಗಿ ಬಿಚ್ಚಿ ಹೊದಿಸಿದ, ಬೆವರು ಮತ್ತು ಇಸ್ತ್ರಿಯ ವಾಸನೆ, ಇವತ್ತಿಗೂ ಇಸ್ತ್ರಿ ಹಾಕುವಾಗ ನನಗೆ ಮೈ ನಡುಗುತ್ತದೆ — ಹಿಂದಿನ ಸಾಲಿನ ಮಗು ಕೇಳುತ್ತಿದೆ, ಅಪ್ಪಾ, ಅವನು ಎಡಗೈಯಲ್ಲಿ ಹುಟ್ಟು ಹಾಕ್ತಾನೋ ಬಲಗೈಯಲ್ಲೋ, ನೋಡ್ತಿರು ಅನ್ನುತ್ತಾನೆ ಅಪ್ಪ, ಮುಖ ಬಂದಾಗ ಎಡಗೈ, ಬೆನ್ನು ಬಂದಾಗ ಬಲಗೈ, ಎಲ್ಲರಿಗೂ ಗೊತ್ತಿರೋ ತಪ್ಪು ಅದು, ಹೌದು, ಎಲ್ಲರಿಗೂ ಗೊತ್ತು, ಯಾಕೆ ಅಂತ ಯಾರಿಗೂ ಗೊತ್ತಿಲ್ಲ, ತಮ್ಮ ಎಡಚ, ನಾನಲ್ಲ, ಯಾರ ತಲೆಗೂ ಹೊಳೆಯಲಿಲ್ಲ, ಹೊಳೆದಾಗ ನದಿ ಬಿಟ್ಟು ಬಂದಾಗಿತ್ತು. ಹುಡುಗ ಎಲ್ಲವನ್ನೂ ತಾನೇ ಮಾಡಿದ್ದಾನೆ ಅಂತ ಪತ್ರಿಕೆಗಳಲ್ಲಿ ಬಂತು, ಮನೆ ಮಾತು ಮನೇಲೇ ಇರ್ಲಿ ಅಂದಳು ಅಮ್ಮ, ಆಮೇಲೆ ಮನೆಯಲ್ಲೂ ಉಳಿಯಲಿಲ್ಲ, ಬಂದವರಿಗೆಲ್ಲ, ನನ್ನ ಮಗ ಆ ಕೊರೆಯೋ ನೀರಲ್ಲಿ ಎಷ್ಟು ಹೊತ್ತಿದ್ದ ಗೊತ್ತಾ, ಒಂದು ದಿನಾನೂ ಹಟ ಮಾಡಲಿಲ್ಲ ಅನ್ನುತ್ತಿದ್ದಳು, ನಾನು ಅವರಿಗೆ ಟೀ ಲೋಟ ಕೊಡುತ್ತ ನಿಂತಿರುತ್ತಿದ್ದೆ, ಅವಳ ಕಣ್ಣಲ್ಲಿ ಹುಡುಕುತ್ತಿದ್ದೆ, ಈಗಲಾದರೂ ನನ್ನ ಕಡೆ ನೋಡಿ ಒಂದು ಸಣ್ಣ ನಗು, ಕಳ್ಳನಗುವಾದರೂ ಸಾಕಿತ್ತು, ಇರಲಿಲ್ಲ, ಅವಳು ನಂಬಿಬಿಟ್ಟಿದ್ದಳು. ತಮ್ಮ ಮಾತ್ರ ತಲೆ ತಗ್ಗಿಸುತ್ತಿದ್ದ, ಅವರು ಹೋದ ಮೇಲೆ, ಹೆತ್ತವರಿಗೆ ಹೆಗ್ಗಣ ಮುದ್ದು ಕಣಕ್ಕ, ನನ್ನ ಮುಖ ನಿನ್ನ ಬೆನ್ನು ಸೇರಿದ್ರೆ ಒಬ್ಬ ಧೈರ್ಯವಂತ ಆಗ್ತಾನೆ ನೋಡು ಅನ್ನುತ್ತಿದ್ದ. ಅದನ್ನು ಬಲ್ಲವನು ಅವನೊಬ್ಬನೇ ಇದ್ದ. ಈಗ ನಾನು ಹೇಳಿದರೂ ನಂಬುವವರಿಲ್ಲ, ಅಮ್ಮನೂ ಒಂದು ದಿನ ಹೋಗುತ್ತಾಳೆ, ಆಮೇಲೆ ಆ ಬೆನ್ನು ಯಾರದ್ದೂ ಅಲ್ಲ, ಇಷ್ಟು ವಯಸ್ಸಾಗಿ ಇದಕ್ಕೆ ಅಳು ಬರುತ್ತದೆಯಲ್ಲ, ನಾಚಿಕೆಗೇಡು, ಸತ್ತವನು ಅವನು, ನಾನು ಅಳುತ್ತಿರುವುದು ನನಗಾಗಿ.

ನದಿ ಬಂತು, ಶಬ್ದ ಮೊದಲು ಬಂತು, ಆಮೇಲೆ ನೀರು, ನನ್ನ ಮೊಣಕಾಲಿನ ಮೂಳೆಗೆ ಅದು ಆಗಲೇ ಗೊತ್ತು, ಅಮ್ಮನ ಕಿವಿಯ ಹತ್ತಿರ ಬಾಗಿ, ತೆಪ್ಪ ಬಂತಮ್ಮ ಅಂದೆ, ಮುಖ ಇಲ್ಲ ತಾನೇ ಅಂದಳು, ಇಲ್ಲ, ಬರೀ ಬೆನ್ನು, ಅವಳು ಕಣ್ಣು ಬಿಟ್ಟಳು — ಆಗ ಅರ್ಥವಾಯಿತು, ಅವನ ಮುಖ ನೋಡಲಾರಳು, ಎದೆ ಒಡೆದುಹೋಗುತ್ತದೆ ಅವಳದು, ಇಷ್ಟು ಹೊತ್ತೂ ಕಾದದ್ದು ಇದಕ್ಕೆ, ಕೆಂಪು ಟೋಪಿ, ಬೆನ್ನಿಗೆ ಅಂಟಿದ ಒದ್ದೆ ಅಂಗಿ, ಬಲಗೈಯಲ್ಲಿ ಹುಟ್ಟು, ಮುಂದಕ್ಕೆ ಬಾಗಿ ಬಾಗಿ ನೋಡುತ್ತಿದ್ದಾಳೆ, ಈಗ ಅವನನ್ನು ಕರೆದು ಚಿನ್ನಾ ಅನ್ನುತ್ತಾಳೆ ಅಂದುಕೊಂಡೆ, ಅನ್ನಲಿ, ಅನ್ನಲಿ ಪಾಪ, ಅವಳಿಗೆ ಇನ್ನೇನು ಉಳಿದಿದೆ. ಅನ್ನಲಿಲ್ಲ. ಕತ್ತಲಲ್ಲಿ ಅವಳ ಕೈ ತಡಕಾಡಿ ಬಂತು, ಹತ್ತಿರವಿದ್ದದ್ದು ನನ್ನ ಎಡಗೈ, ಅದನ್ನು ಬಿಟ್ಟು ಮಡಿಲ ಮೇಲಿದ್ದ ಬಲಗೈಯನ್ನು ಹುಡುಕಿ ಹಿಡಿದುಕೊಂಡಿತು. ಅವತ್ತು ತುಂಬಾ ಚಳಿ ಇತ್ತೇನೇ ನಿಂಗೆ. ಇಷ್ಟು ವರ್ಷ ಉತ್ತರ ಸಿದ್ಧಮಾಡಿಟ್ಟುಕೊಂಡಿದ್ದೆನಲ್ಲ, ಜಡೆ, ದರ್ಜಿಯ ಅಂಗಿ, ಟೀ ಲೋಟ, ಎಲ್ಲವನ್ನೂ ಮುಖಕ್ಕೆ ಹೊಡೆದ ಹಾಗೆ ಹೇಳಬೇಕು ಅಂತ, ಬಾಯಿಂದ ಬಂದದ್ದು, ಇಲ್ಲಮ್ಮ. ಇತ್ತು ಕಣೇ, ನಂಗೊತ್ತು, ಟವಲ್ ಒಂದೇ ಇತ್ತು, ಅಂದಳು, ಅಷ್ಟರಲ್ಲಿ ತೆರೆಯ ತುಂಬ ತಮ್ಮನ ಮುಖ, ಅವಳು ಮತ್ತೆ ಕಣ್ಣು ಮುಚ್ಚಿದಳು, ಕೈ ಬಿಡಲಿಲ್ಲ, ಅವಳ ಕಡೆ ತಿರುಗಬೇಕು, ಒಂದೇ ಒಂದು ಸಲ ತಿರುಗಿ ಅಮ್ಮಾ ಅನ್ನಬೇಕು, ಕತ್ತು ಹೊರಳುವುದಿಲ್ಲ, ತಿರುಗಬೇಡ, ಮರಿ, ತಮ್ಮ ನಗುತ್ತಿದ್ದಾನೆ, ಹಲ್ಲಿನ ಸಂದು, ಮಕ್ಕಳು ಚಪ್ಪಾಳೆ ತಟ್ಟುತ್ತಿವೆ, ನನಗೆ ಕಾಣುವುದು ಅದಲ್ಲ, ದಡದಲ್ಲಿ ಟವಲ್ ಹಿಡಿದ ಅಮ್ಮ, ನೀರಿನಲ್ಲಿ ಕೆಂಪು ಟೋಪಿ, ಒದ್ದೆ ಬೆನ್ನು, ತಿರುಗಬೇಡ, ಒದ್ದೆ ಬೆನ್ನು —