ಎಲ್ಲ ಸೇರಿ ಒಂದು ಕೂದಲು

ಆ ಪಂಪಿನ ಕಾರ್ಖಾನೆಯಲ್ಲಿ ಅಳತೆಪಟ್ಟಿ ಕೈಬಿಟ್ಟ ಜಾಗದಿಂದ ಕೂದಲಿನ ಲೆಕ್ಕ ಶುರುವಾಗುತ್ತಿತ್ತು. ಲೋಹ ಕಡೆಯುವ ಲೇತ್ ಮುಂದೆ ನಿಂತ ಮಾವ ‘ಅರ್ಧ ಕೂದಲು ತೆಗಿ’ ಎಂದರೆ ಅದೇ ಶಾಸನ. ಪಂಪಿನ ಬುಷ್ಷೆಂಬ ಬಳೆಯೊಳಗೆ ಶಾಫ್ಟಿನ ಸರಳು ಇಟ್ಟು, ಕಣ್ಣು ಮುಚ್ಚಿ ತಿರುಗಿಸಿ, ‘ಆಯ್ತು’ ಅನ್ನುತ್ತಿದ್ದರು. ಅವರು ಆಯ್ತು ಅಂದ ಪಂಪು ವಾಪಸ್ ಬಂದದ್ದು ಯಾರಿಗೂ ನೆನಪಿಲ್ಲ.

ಮಾವ ಅಂದರೆ ಸ್ಟೋರಿನ ಹುಡುಗಿಯ ತಾಯಿಯ ತಮ್ಮ. ಸ್ಟೋರಿನ ಕಿಟಕಿಯಲ್ಲಿ ಅವಳಿಗೆ ಕೆಲಸ ಕೊಡಿಸಿದವರೂ ಅವರೇ. ಹಗಲು ನಟ್ಟು ಬೋಲ್ಟು ಕೊಟ್ಟು, ಸಂಜೆ ದೀಪ ಹತ್ತಿದ ಮೇಲೆ ತರಗತಿಯಲ್ಲಿ ಡಿಪ್ಲೊಮಾ ಓದುತ್ತಿದ್ದ ಅವಳನ್ನು ಎಲ್ಲರೂ ‘ದೀಪದ ಇಂಜಿನಿಯರು’ ಎಂದು ಕರೆಯುತ್ತಿದ್ದರು. ಆಗ ಚುಚ್ಚುತ್ತಿದ್ದ ಆ ಹೆಸರಿನಿಂದ ಈಗ ಯಾರಾದರೂ ಕರೆಯಬಾರದೇ ಎಂದು ಅವಳಿಗೆ ಅನ್ನಿಸುತ್ತದೆ.

ಮಾವನ ನಿವೃತ್ತಿ ಹತ್ತಿರವಾದಾಗ ಯಜಮಾನರಿಗೆ ಆ ಅಳತೆಯೂ ಜೊತೆಗೇ ಹೋಗುವ ಚಿಂತೆ ಹತ್ತಿತು. ಅವಳನ್ನು ಕರೆದರು.

“ಇವರ ಕೈಯಲ್ಲಿರೋದನ್ನ ಕಾಗದಕ್ಕೆ ಇಳಿಸು. ಅದನ್ನ ನೋಡ್ಕೊಂಡು ಲೇತಿಗೆ ಬರೋ ಹೊಸ ಟರ್ನರ್ ಮಾಡಿದ ಪಂಪ್ ಓಡಿದ್ರೆ ಡ್ರಾಯಿಂಗ್ ಟೇಬಲ್ ನಿಂದು. ಇಲ್ದಿದ್ರೆ ಕಿಟಕಿ ಇದ್ದೇ ಇದೆ.”

ಅವಳು ಲೇತ್ ಹತ್ತಿರ ಹೋದಳು. “ಮಾವ, ಶಾಫ್ಟಿಗೂ ಬುಷ್ಷಿಗೂ ನಡುವೆ ಎಷ್ಟು ಬಿಡ್ತೀರಿ?”

“ಒಂದು ಕೂದಲು.”

“ಯಾರ ಕೂದಲು?”

ಮಾವ ಬೋಳು ತಲೆ ಸವರಿಕೊಂಡರು. “ನಂದಂತೂ ಅಲ್ಲ.”

ಅವಳು ತನ್ನ ಜಡೆಯಿಂದಲೇ ಒಂದು ಕೂದಲು ಕಿತ್ತು ಮೈಕ್ರೋಮೀಟರಿಗೆ ಹಿಡಿದು ದಪ್ಪ ಅಳೆದಳು. ಖಾತ್ರಿಗೆಂದು ಇನ್ನೊಂದು ಕಿತ್ತು ನೋಡಿದಳು. ನಕ್ಷೆಯಲ್ಲಿ ಶಾಫ್ಟಿನ ಆಚೆ ಈಚೆ ಒಂದೊಂದು ಕೂದಲಷ್ಟು ಜಾಗ ಬಿಟ್ಟಳು. ಹೊಸ ಟರ್ನರ್ ಅದರಂತೆಯೇ ಮಾಡಿಕೊಟ್ಟ. ಪಂಪ್ ತಿರುಗಿಸಿದರೆ ಹಂಡೆಯೊಳಗೆ ಸೌಟು ಬಿದ್ದಂತೆ ಲಡಲಡ.

“ದೀಪ ಆರಿತು,” ಎಂದ ಯಾರೋ. ಎಲ್ಲರೂ ನಕ್ಕರು. ಇನ್ನೊಂದು ಸಲ ನೋಡೋಣ, ಅಷ್ಟೇ, ಎಂದರು ಯಜಮಾನರು.

ಮಾವ ನಗಲಿಲ್ಲ. ನಕ್ಷೆಯನ್ನು ಬೆಳಕಿಗೆ ಹಿಡಿದರು. “ಆಚೆ ಒಂದು, ಈಚೆ ಒಂದು ಬಿಟ್ಟಿದ್ದೀಯಲ್ಲೇ. ನಾನು ಹೇಳಿದ್ದು ಎಲ್ಲ ಸೇರಿ ಒಂದು.”

“ಮೊದಲೇ ಹೇಳಬಾರದಿತ್ತಾ ಮಾವ?”

“ಕೈ ಮಾಡೋದನ್ನ ಬಾಯಿಗೆ ಯಾವತ್ತು ಕಲಿಸಿದ್ದೆ?”

ಈ ಸಲ ಅವಳು ಕೂದಲಿನ ಗೋಜಿಗೆ ಹೋಗಲಿಲ್ಲ. ಮಾವ ಮಾಡಿಟ್ಟಿದ್ದ ಶಾಫ್ಟು-ಬುಷ್ಷಿನ ಜೋಡಿಗಳನ್ನೇ ಸ್ಟೋರಿನಿಂದ ತಂದು ಅಳೆದಳು. ಒಂದರ ಸಂದು ಇನ್ನೊಂದರಂತಿರಲಿಲ್ಲ. ಮಾವನ ಮುಖ ಸಣ್ಣದಾಯಿತು.

“ಇಷ್ಟು ವರ್ಷ ಸುಮ್ನೆ ಅಂದಾಜಲ್ಲೇ ತಳ್ಳಿದ್ನೇನೋ.”

ಅವಳು ಒಪ್ಪಲಿಲ್ಲ. ತಪ್ಪು ತನ್ನ ಅಳತೆಯದೇ ಇರಬೇಕೆಂದು ಮತ್ತೆ ಅಳೆದಳು, ಚೀಟಿ ನೋಡಿ ಪಂಪಿನ ಜಾತಿವಾರು ಜೋಡಿಸಿದಳು. ಆಗ ಕಣ್ಣಿಗೆ ಬಿತ್ತು.

“ಮಾವ, ಬಿಸಿನೀರಿನ ಪಂಪುಗಳಿಗೆಲ್ಲ ಜಾಸ್ತಿ ಬಿಟ್ಟಿದ್ದೀರಿ, ತಣ್ಣೀರಿನವಕ್ಕೆ ಕಡಿಮೆ. ಕಾದರೆ ಲೋಹ ಉಬ್ಬುತ್ತಲ್ಲ, ಅದಕ್ಕೆ. ನಮ್ಮ ಪುಸ್ತಕದಲ್ಲಿ ಒಂದು ಪಾಠವೇ ಇದೆ.”

“ಪಾಠ ಗೀಠ ನಾನೇನು ಕಂಡೆ. ಬಿಸಿನೀರಿಂದು ಅಂದ್ರೆ ಕೈ ಒಂಚೂರು ಉದಾರ ಆಗುತ್ತೆ.” ಆದರೂ ಆ ಪಾಠವನ್ನು ಎರಡು ಸಲ ಓದಿಸಿಕೊಂಡು ಕೇಳಿದರು.

ಬಿಸಿನೀರಿಗೊಂದು, ತಣ್ಣೀರಿಗೊಂದು ಎಂದು ಎರಡು ನಕ್ಷೆಗಳಾದವು. ‘ಪರಿಶೀಲಿಸಿದವರು’ ಎಂಬಲ್ಲಿ ಸಹಿ ಹಾಕಲು ಯಜಮಾನರು ಪೆನ್ನು ತೆರೆದರು.

“ಅಲ್ಲಿ ಮಾವ ಹಾಕಲಿ ಸಾರ್,” ಎಂದಳು. ಅಂದ ಮೇಲೆ ಡ್ರಾಯಿಂಗ್ ಟೇಬಲ್ ಕೈಜಾರಿತೆಂದೇ ಅವಳಿಗೆ ಅನ್ನಿಸಿತು.

“ಅವರತ್ರ ಯಾವ ಸರ್ಟಿಫಿಕೇಟ್ ಇದೆಯಮ್ಮಾ?”

“ಹಾಗಿದ್ರೆ ಖಾಲಿ ಬಿಡಿ ಸಾರ್. ಪರಿಶೀಲಿಸಿದವರು ಬೇರೆ ಯಾರೂ ಇಲ್ಲ.”

ಯಜಮಾನರು ಅವಳನ್ನೇ ನೋಡಿದರು. “ಓಡದಿದ್ರೆ ಇಬ್ಬರ ತಲೆಗೂ ಬರುತ್ತೆ,” ಎಂದು ಪೆನ್ನನ್ನು ಮಾವನತ್ತ ಸರಿಸಿದರು. ಮಾವ ಕೈ ಒರೆಸಿಕೊಂಡು ಸಹಿ ಹಾಕಿದರು.

ಹೊಸ ಟರ್ನರ್ ಲೇತ್ ಹಚ್ಚಿದ. ಮಾವ ಹಿಂದೆ ಕೈಕಟ್ಟಿ ನಿಂತಿದ್ದರು. ಅವನು ಒಮ್ಮೆಯೂ ಅವರತ್ತ ತಿರುಗಲಿಲ್ಲ, ತಿರುಗುವ ಅಗತ್ಯವೂ ಬೀಳಲಿಲ್ಲ. ಜೋಡಿಸಿದ ಪಂಪ್ ಬೆಣ್ಣೆಯಂತೆ ಓಡಿತು.

“ನಾನಿಲ್ದೇನೂ ಓಡ್ತು ನೋಡು,” ಎಂದರು ಮಾವ.

ಅವಳು ಟೇಬಲ್ಲಿಗೆ ಬಂದು, ಅಲ್ಲಿಂದ ದೊಡ್ಡ ಕಚೇರಿಗಳಿಗೆ ಹೋಗಿ, ಪರದೆಯ ಮೇಲೆ ಎಷ್ಟೋ ನಕ್ಷೆ ಬರೆದಳು. ‘ನಾನಿಲ್ದೇನೂ’ ಅಂದ ಮಾವನ ಆ ದನಿಯಲ್ಲಿದ್ದದ್ದು ಹೆಮ್ಮೆಯೋ ಸಂಕಟವೋ, ಅವರನ್ನು ಕೇಳುವ ಧೈರ್ಯ ಮಾತ್ರ ಅವಳಿಗೆ ಕೊನೆಗೂ ಬರಲಿಲ್ಲ.