ಎಡ ಹಿಮ್ಮಡಿ

ಮಗಳ ಕತ್ತಿವರಸೆಯ ಬೂಟುಗಳನ್ನು ರಿಪೇರಿಗೆ ಕೈಗೆತ್ತಿಕೊಂಡ ಅಮ್ಮನಿಗೆ ಏನೋ ಸರಿಯಿಲ್ಲ ಅನ್ನಿಸಿತು. ಇಪ್ಪತ್ತು ವರ್ಷದಿಂದ ಬೂಟು, ಚಪ್ಪಲಿ ಹೊಲಿಯುತ್ತಿದ್ದವಳು. ಅಟ್ಟೆ ನೋಡಿ ನಡಿಗೆ ಹೇಳಬಲ್ಲಳು. ಬಲಗೈಯಲ್ಲಿ ಕತ್ತಿ ಹಿಡಿಯುವ ಮಗಳು ಎದುರಾಳಿಯ ಮೇಲೆ ಎರಗುವಾಗ ಬಲಗಾಲು ಚಾಚಿ ಹಿಮ್ಮಡಿ ಊರುತ್ತಾಳೆ, ಎಡಗಾಲು ಹಿಂದೆ ನೆಲ ಉಜ್ಜುತ್ತದೆ. ಸವೆಯಬೇಕಾದದ್ದು ಬಲ ಹಿಮ್ಮಡಿ. ತಿಂಗಳ ಹಿಂದೆ ತಾನೇ ಅದಕ್ಕೆ ಹಾಕಿದ ತೇಪೆ ಹೊಸದರಂತೆಯೇ ಇತ್ತು. ಎಡಗೈ ಆಟಗಾರರ ಬೂಟಿನಂತೆ ಎಡದ್ದು ಸವೆದು ಕಿತ್ತುಬಂದಿತ್ತು.

ಬೂಟು ಬೇರೆ ಯಾರಿಗೋ ಕೊಟ್ಟು ಇವಳು ದಿನಾ ಎಲ್ಲಿಗೆ ಹೋಗುತ್ತಿದ್ದಾಳೆ? ಭಾನುವಾರ ತಂಡದ ಆಯ್ಕೆ ಬೇರೆ.

ಸಂಜೆ ಮಗಳು ಅಂಗಡಿಗೆ ಬಂದ ಕೂಡಲೇ ಅಮ್ಮ ಕೇಳಿದಳು: "ಇದನ್ನ ಯಾರು ಹಾಕ್ಕೋತಿದ್ದಾರೆ?"

"ನಾನೇ ಕಣಮ್ಮ. ಇನ್ಯಾರು, ದೆವ್ವಾನಾ?"

"ನನ್ನ ಕಿವಿಗೆ ಹೂವಿಡಬೇಡ. ಆ ಕೊಡೆ ತಗೊಂಡು ಒಂದ್ಸಲ ಎರಗಿ ತೋರ್ಸು."

ಮಗಳು ಕೊಡೆಯನ್ನು ಎಡಗೈಯಲ್ಲಿ ಹಿಡಿದಳು.

"ಬಲಗೈಲಿ."

ಬಲಗಾಲು ಚಾಚಿ ಮಂಡಿ ಬಗ್ಗಿಸುತ್ತಲೇ ಅವಳು ತುಟಿ ಕಚ್ಚಿ ಮೇಜು ಹಿಡಿದುಕೊಂಡಳು.

"ಎಷ್ಟು ದಿನದಿಂದ?"

"ಒಂದು ತಿಂಗಳು. ಎಡಗೈ ಆಟಾನೂ ಕಲೀತೀನಿ ಅಂತ ಕೋಚ್‌ಗೆ ಸುಳ್ಳು ಹೇಳಿದೀನಿ. ಮಂಡಿ ವಿಷ್ಯ ಗೊತ್ತಾದ್ರೆ ಆಯ್ಕೆಗೆ ಬಿಡಲ್ಲಮ್ಮ."

ಅಮ್ಮ ಎಡಬೂಟಿನ ಹಿಮ್ಮಡಿಗೆ ಗಟ್ಟಿ ಚರ್ಮ ಕತ್ತರಿಸಿ ಹೊಲಿಯತೊಡಗಿದಳು. ಮಗಳ ಮುಖ ಅರಳಿತು. ಕೆಲಸ ಮುಗಿದ ಮೇಲೆ ಅಮ್ಮ ಎರಡೂ ಬೂಟುಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದಳು.

"ಡಾಕ್ಟ್ರು ಮಂಡಿ ನೋಡಿ ಹೂಂ ಅಂದ ದಿನ ಬಂದು ತಗೊಂಡ್ಹೋಗು."